ಗೋಡೆ ಇಲ್ಲದ ನೀರು

ಸೀಟಿ ಊದಿದರೆ ಮುಗಿಯಿತು. ಕೊಳದ ಯಾವ ಮೂಲೆಯಲ್ಲಿದ್ದರೂ ಏಣಿ ಹಿಡಿದು ಮೇಲೆ ಬರಬೇಕು. ಮುಂದಿನ ಬ್ಯಾಚಿನವರು ಆಗಲೇ ಟೋಪಿ ಹಾಕಿಕೊಂಡು ದಡದಲ್ಲಿ ನಿಂತಿರುತ್ತಾರೆ. ನನಗೆ ಸಿಕ್ಕಿದ್ದು ವಾರಕ್ಕೆ ಮೂರು ಸಂಜೆ, ಸಂಜೆಗೆ 45 ನಿಮಿಷ. ಅದಕ್ಕಿಂತ ಜಾಸ್ತಿ ಕೊಳದವರೂ ಕೊಡುತ್ತಿರಲಿಲ್ಲ, ನನ್ನ ಕೆಲಸ, ಮನೆಯೂ ಬಿಡುತ್ತಿರಲಿಲ್ಲ. ಇಷ್ಟನ್ನೇ ನೆಚ್ಚಿಕೊಂಡು 5 ಕಿ.ಮೀ. ಓಪನ್ ವಾಟರ್ ಸ್ಪರ್ಧೆಗೆ, ಅಂದರೆ ಕೊಳ ಬಿಟ್ಟು ಕೆರೆ, ನದಿ, ಸಮುದ್ರದಂಥ ತೆರೆದ ನೀರಿನಲ್ಲಿ ನಡೆಯುವ ಈಜಿಗೆ, ಹೆಸರು ಕೊಟ್ಟೆ.

ಹೆಸರು ಕೊಟ್ಟ ರಾತ್ರಿ ಕೂತು ಲೆಕ್ಕ ಹಾಕಿದೆ. 45 ನಿಮಿಷದಲ್ಲಿ ನಾನು ಈಜುವುದು ಹೆಚ್ಚೆಂದರೆ 1,700 ಮೀಟರ್. ಮೂರು ದಿನ ಸೇರಿಸಿದರೆ 5 ಕಿ.ಮೀ. ಚಿಲ್ಲರೆ. ಅಂದರೆ ಒಂದು ವಾರ ಪೂರ್ತಿ ಈಜಿದಷ್ಟನ್ನು ಒಂದೇ ಬೆಳಿಗ್ಗೆ, ನಡುವೆ ನಿಲ್ಲದೆ ಈಜಬೇಕು. ಆ ಲೆಕ್ಕ ನೋಡಿ ನಿದ್ದೆ ಬರಲಿಲ್ಲ. ಎಲ್ಲಿಂದಾದರೂ ಇನ್ನೊಂದು ಗಂಟೆ ಹೊಂದಿಸಬಹುದೇ, ಭಾನುವಾರ ಬೇರೆ ಕೊಳ ಸಿಗುತ್ತದೆಯೇ ಎಂದೇ ಯೋಚನೆ. ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯೂ ಒಳಗೆ ಕೊರೆಯುತ್ತಿತ್ತು. ಎರಡು ವರ್ಷದ ಹಿಂದೆ ಮೊದಲ ಸ್ಪರ್ಧೆಗೆ ಹೋದಾಗ ನನಗೆ ಬೇಕಾದಷ್ಟು ಸಮಯವಿತ್ತು. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ಗಂಟೆ ಈಜಿದ್ದೆ. ಆದರೂ ಅಲ್ಲಿ ಯಾಕೆ ಹಾಗಾಯಿತು?

ಆ ಮೊದಲ ಬೆಳಿಗ್ಗೆ

ಅದು 3 ಕಿ.ಮೀ. ಸ್ಪರ್ಧೆ, ಒಂದು ದೊಡ್ಡ ಕೆರೆಯಲ್ಲಿ. ಕೊಳದಲ್ಲಿ ನಾನು 4 ಕಿ.ಮೀ. ನಿಲ್ಲದೆ ಈಜಿದ್ದೆ, ಹಾಗಾಗಿ 3 ಸುಲಭ ಎಂದುಕೊಂಡಿದ್ದೆ. ನೀರಿಗೆ ಇಳಿದೆ. 20 ಡಿಗ್ರಿ ಇತ್ತು. ಇದನ್ನು ತಣ್ಣೀರು ಎಂದು ಹಳಬರು ಯಾರೂ ಹೇಳುವುದಿಲ್ಲ. ನನ್ನ ಮೈಗೆ ಗೊತ್ತಿದ್ದದ್ದು ಮಾತ್ರ 28 ಡಿಗ್ರಿಯ ಕೊಳ. ಮುಖ ಮುಳುಗಿಸಿದ ಕೂಡಲೇ ಉಸಿರು ಗಂಟಲಲ್ಲೇ ನಿಂತಿತು. ಎದೆ ತಾನಾಗಿ ಗಾಳಿ ಎಳೆದುಕೊಳ್ಳುತ್ತಿದೆ, ಬಿಡಲು ಆಗುತ್ತಿಲ್ಲ. ಅಷ್ಟರಲ್ಲಿ ಹಾರ್ನ್ ಆಯಿತು. ನೂರಾರು ತೋಳುಗಳು ಒಟ್ಟಿಗೆ ನೀರಿಗೆ ಬಿದ್ದವು. ಯಾರದೋ ಕೈ ನನ್ನ ಗಾಗಲ್ಸ್ ಮೇಲೆ, ಯಾರದೋ ಕಾಲು ಪಕ್ಕೆಗೆ.

ಅದನ್ನೂ ತಡೆದುಕೊಂಡೆ. ನಿಜವಾದ ಹೆದರಿಕೆ ಬಂದದ್ದು ಸುಮಾರು ಐದು ನಿಮಿಷದ ಮೇಲೆ, ಗುಂಪು ಚದುರಿ ಸುತ್ತ ಯಾರೂ ಇಲ್ಲದಾಗ. ಕೆಳಗೆ ನೋಡಿದೆ. ಏನೂ ಇಲ್ಲ. ಕಡು ಹಸಿರು, ಅದರೊಳಗೆ ನನ್ನದೇ ಕೈ, ಮೊಣಕೈಯಿಂದಾಚೆ ಅದೂ ಮಸುಕು. ಕೊಳದ ನೆಲದಲ್ಲಿ ಒಂದು ಕಪ್ಪು ಗೆರೆ ಇರುತ್ತದೆ, ಅಲ್ವಾ? ಅದನ್ನು ನೋಡುತ್ತಾ ವರ್ಷಗಟ್ಟಲೆ ಈಜಿದ್ದೆ. ಅದು ನನ್ನನ್ನು ನೇರಕ್ಕೆ ಇಟ್ಟಿತ್ತು ಎಂಬುದು ಅವತ್ತಿನ ತನಕ ಗೊತ್ತೇ ಇರಲಿಲ್ಲ. ತಲೆ ಎತ್ತಿ ನೋಡಿದರೆ ತಿರುವಿನ ಗುರುತಿಗೆ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಬೋಯ್ ಎಲ್ಲೋ ಎಡಗಡೆ ದೂರದಲ್ಲಿತ್ತು. ನಾನು ಬಲಕ್ಕೆ, ಇನ್ನೂ ಬಲಕ್ಕೆ ಹೋಗಿದ್ದೆ. ದೋಣಿಯಲ್ಲಿದ್ದ ಕಾವಲಿನವರು ಕೈ ಬೀಸಿ ಕರೆಯುತ್ತಿದ್ದರು.

ಗುರಿ ಮುಟ್ಟಿದೆ. ಕೈಯ ವಾಚು 3,460 ಮೀಟರ್ ತೋರಿಸಿತು. 3 ಕಿ.ಮೀ. ದಾರಿಯಲ್ಲಿ ಸುಮ್ನೆ 460 ಮೀಟರ್ ಹೆಚ್ಚಿಗೆ ಈಜಿದ್ದೆ. ಭುಜಗಳು ಕೊಳದಲ್ಲಿ ಎಂದೂ ನೋಯದ ಜಾಗದಲ್ಲಿ ನೋಯುತ್ತಿದ್ದವು. ಉಸಿರಿಗೆ ಕೊರತೆ ಇರಲಿಲ್ಲ, ಅಭ್ಯಾಸಕ್ಕೂ ಇರಲಿಲ್ಲ. ಅಷ್ಟು ಗಂಟೆ ಈಜಿದ್ದರೂ ಅಲ್ಲಿಗೆ ಬೇಕಾದದ್ದು ಏನೋ ಒಂದು ಆ ಗಂಟೆಗಳಲ್ಲಿ ಇರಲೇ ಇಲ್ಲ.

ಗೋಡೆಯ ಲೆಕ್ಕ

ಇದು ಏನು ಎಂದು ತಿಳಿದದ್ದು ತುಂಬಾ ತಡವಾಗಿ, ಕಾಗದದ ಮೇಲೆ. ನಮ್ಮ ಕೊಳ 25 ಮೀಟರ್‌ನದು. ಅದರಲ್ಲಿ 5 ಕಿ.ಮೀ. ಎಂದರೆ 200 ಲೆಂತ್. ಪ್ರತಿ ಲೆಂತ್‌ನ ಮೊದಲಿಗೂ ನಾನು ಗೋಡೆ ಒದ್ದು ಮುಂದೆ ಜಾರುತ್ತೇನೆ. ಕೈ ಆಡಿಸದೆ ಸುಮ್ಮನೆ ಚಾಚಿಕೊಂಡು ಜಾರುವುದು ಸುಮಾರು 4 ಮೀಟರ್. 200 ಸಲ 4 ಮೀಟರ್ ಎಂದರೆ 800 ಮೀಟರ್. ಕೊಳದಲ್ಲಿ ನಾನು 5 ಕಿ.ಮೀ. ಈಜಿದೆ ಎಂದು ಹೇಳಿಕೊಂಡಾಗೆಲ್ಲ ಅದರಲ್ಲಿ 800 ಮೀಟರ್ ಗೋಡೆ ಈಜಿದ್ದು. ನನ್ನ ತೋಳು ಈಜಿದ್ದು 4,200 ಮಾತ್ರ.

ಇಷ್ಟೇ ಆಗಿದ್ದರೆ ಸರಿ, ದೂರ ಸ್ವಲ್ಪ ಹೆಚ್ಚಿಸಿಕೊಂಡರೆ ಆಯಿತು ಎನ್ನಬಹುದಿತ್ತು. ಗೋಡೆ ಇನ್ನೂ ಏನೇನೋ ಕೊಡುತ್ತದೆ. ಒದ್ದಾಗ ಸಿಗುವ ವೇಗ ನಾವು ಕೈಯಿಂದ ಎಂದೂ ಪಡೆಯದ ವೇಗ. ತಿರುಗುವ ಆ ಒಂದೆರಡು ಸೆಕೆಂಡು ಭುಜಕ್ಕೆ ಬಿಡುವು. ಕಾಲಿನ ಸ್ನಾಯು ಒಮ್ಮೆ ಜೋರಾಗಿ ಕೆಲಸ ಮಾಡಿ ಮೈಯ ಜಡ್ಡು ಬಿಡಿಸುತ್ತದೆ. ಮನಸ್ಸಿಗೂ ಬಿಡುವು. 25 ಮೀಟರ್ ಆಯಿತು, ಇನ್ನೊಂದು 25 ಎಂದು ದೂರವನ್ನು ತುಂಡು ಮಾಡಿ ಕೊಡುತ್ತದೆ. ಕೆರೆಯಲ್ಲಿ ಇದ್ಯಾವುದೂ ಇಲ್ಲ. ಒಂದೇ ಬಗೆಯ ಎಳೆತ, ಒಂದೇ ಭುಜ, ಸಾವಿರಾರು ಸಲ.

ಹಾಗೆ ನೋಡಿದರೆ ಗೋಡೆಯೇ ಆಮೇಲೆ ಬಂದದ್ದು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈಜು ನಡೆದದ್ದು ಸಮುದ್ರದಲ್ಲಿ. 1900ರಲ್ಲಿ ಪ್ಯಾರಿಸ್‌ನ ಸೇನ್ ನದಿಯಲ್ಲಿ. 1904ರಲ್ಲಿ ಒಂದು ಕೆರೆಯಲ್ಲಿ. ಕೊಳ ಕಟ್ಟಿಸಿದ್ದು 1908ರಲ್ಲಿ, ಲಂಡನ್‌ನಲ್ಲಿ. ಅದು 100 ಮೀಟರ್ ಉದ್ದವಿತ್ತು. ಆಮೇಲೆ ಬರಬರುತ್ತಾ ಈಜು ಎಂದರೆ ಕೊಳ ಎಂದೇ ಆಗಿಹೋಯಿತು. ಗೋಡೆ ಇಲ್ಲದ 10 ಕಿ.ಮೀ. ಮ್ಯಾರಥಾನ್ ಈಜು ಒಲಿಂಪಿಕ್ಸ್‌ಗೆ ಸೇರಲು 2008ರ ಬೀಜಿಂಗ್ ತನಕ ಕಾಯಬೇಕಾಯಿತು. 2024ರಲ್ಲಿ ಅದೇ ಸ್ಪರ್ಧೆ ಮತ್ತೆ ಸೇನ್ ನದಿಗೇ ಬಂತು. ನದಿಯ ಹರಿವಿನ ಎದುರು ಅವರು ದಡಕ್ಕೆ ಒತ್ತಿಕೊಂಡು ಈಜುವುದನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದೆ. ಎಷ್ಟು ಚೆನ್ನಾಗಿ ನೀರನ್ನು ಓದುತ್ತಾರೆ ಅನ್ನಿಸಿತು.

ಈ ಲೆಕ್ಕದ ಮೇಲೆ ನನ್ನ ಯೋಚನೆ ಬದಲಾಯಿತು. ಇನ್ನೊಂದು ಗಂಟೆ ಎಲ್ಲಿಂದ ತರಲಿ ಎಂದು ಹುಡುಕುವುದನ್ನು ಬಿಟ್ಟೆ. ಇರುವ 45 ನಿಮಿಷದಿಂದ ಗೋಡೆಯನ್ನು ಹೇಗೆ ತೆಗೆಯಲಿ ಎಂದು ನೋಡತೊಡಗಿದೆ.

ನಲವತ್ತೈದು ನಿಮಿಷ

ಮೊದಲು ಮಾಡಿದ್ದು ಸಣ್ಣ ಕೆಲಸ. ಮೈ ಬಿಸಿ ಮಾಡಿಕೊಳ್ಳಲು ನೀರಿನ ಸಮಯ ಖರ್ಚು ಮಾಡುವುದನ್ನು ನಿಲ್ಲಿಸಿದೆ. ಗೇಟು ತೆರೆಯುವ ಹತ್ತು ನಿಮಿಷ ಮೊದಲೇ ಹೋಗಿ ಹೊರಗೇ ತೋಳು ತಿರುಗಿಸುವುದು, ಭುಜ ಸಡಿಲಿಸುವುದು, ಬೆನ್ನು ಬಗ್ಗಿಸುವುದು. ನೀರಿಗೆ ಬಿದ್ದ ಮೇಲೆ 200 ಮೀಟರ್ ಮೆಲ್ಲಗೆ, ಆಮೇಲೆ ನೇರ ಕೆಲಸಕ್ಕೆ.

ಯಾವ ವೇಗದಲ್ಲಿ ಈಜಬೇಕು ಎಂಬುದಕ್ಕೆ ಕೋಚ್‌ಗಳು ಬಳಸುವ ಒಂದು ಸರಳ ಪರೀಕ್ಷೆ ಇದೆ. ಸಿಎಸ್‌ಎಸ್ (ಕ್ರಿಟಿಕಲ್ ಸ್ವಿಮ್ ಸ್ಪೀಡ್) ಎನ್ನುತ್ತಾರೆ. ಒಂದೇ ದಿನ ನಡುವೆ ಚೆನ್ನಾಗಿ ದಣಿವಾರಿಸಿಕೊಂಡು 400 ಮೀಟರ್ ಒಮ್ಮೆ, 200 ಮೀಟರ್ ಒಮ್ಮೆ ಪೂರ್ತಿ ಶಕ್ತಿ ಹಾಕಿ ಈಜಬೇಕು. ನನಗೆ 400ಕ್ಕೆ 8 ನಿಮಿಷ 20 ಸೆಕೆಂಡು, 200ಕ್ಕೆ 4 ನಿಮಿಷ ಹಿಡಿಯಿತು. ದೊಡ್ಡದರಲ್ಲಿ ಸಣ್ಣದನ್ನು ಕಳೆದರೆ 260 ಸೆಕೆಂಡು. ಅದು 200 ಮೀಟರ್‌ಗೆ. ಅರ್ಧ ಮಾಡಿದರೆ 100 ಮೀಟರ್‌ಗೆ 2 ನಿಮಿಷ 10 ಸೆಕೆಂಡು. ನಾನು ಕುಸಿಯದೆ ತುಂಬಾ ಹೊತ್ತು ಹಿಡಿದಿಡಬಹುದಾದ ವೇಗದ ಅಂಚು ಅದು. ಇದು ಗೊತ್ತಾದ ಮೇಲೆ ಮಂಗಳವಾರದ ಸಂಜೆ ಪೂರ್ತಿ ಅದಕ್ಕೇ ಮೀಸಲಿಟ್ಟೆ. ಹತ್ತು ಸಲ 100 ಮೀಟರ್, ಪ್ರತಿಯೊಂದೂ 2:10ಕ್ಕೆ, ನಡುವೆ 15 ಸೆಕೆಂಡು ಬಿಡುವು. ಒಟ್ಟು 24 ನಿಮಿಷ. ಮೊದಲ ಮೂರು ತೀರಾ ಸುಲಭ ಅನ್ನಿಸುತ್ತವೆ, ಅಲ್ಲಿ ಜೋರು ಮಾಡಬಾರದು. ಎಂಟನೆಯದು ಮೊದಲನೆಯದರಷ್ಟೇ ಸಮಯಕ್ಕೆ ಬಂದರೆ ಆ ಸಂಜೆ ಸಾರ್ಥಕ. ಮೊದಲೆಲ್ಲ ಒಂದೂವರೆ ಗಂಟೆ ಇದ್ದಾಗ ನಾನು ಒಂದೇ ಹದದಲ್ಲಿ, ಜೋರೂ ಅಲ್ಲದೆ ಮೆಲ್ಲಗೂ ಅಲ್ಲದೆ, ಏನನ್ನೂ ಗಮನಿಸದೆ ಈಜುತ್ತಿದ್ದೆ. ಸಮಯ ಕಡಿಮೆಯಾದ ಮೇಲೆ ಪ್ರತಿ 100 ಮೀಟರ್‌ಗೂ ಒಂದು ಕೆಲಸ ಬಂತು.

ಗುರುವಾರ ಗೋಡೆ ಮುಟ್ಟುವಂತಿಲ್ಲ. ಗೋಡೆ ಇನ್ನೂ ಒಂದೂವರೆ ಮೀಟರ್ ದೂರ ಇರುವಾಗಲೇ ನೀರಿನಲ್ಲೇ ತಿರುಗಬೇಕು. ಕಾಲು ಒದೆಯಲು ಏನೂ ಸಿಗುವುದಿಲ್ಲ. ವೇಗ ಪೂರ್ತಿ ಸತ್ತುಹೋಗಿರುತ್ತದೆ, ಅಲ್ಲಿಂದ ಬರೀ ಕೈಯಿಂದ ಮತ್ತೆ ಎಬ್ಬಿಸಬೇಕು. ಮೊದಲ ಗುರುವಾರ 600 ಮೀಟರ್‌ಗೇ ಭುಜ ಕೈಕೊಟ್ಟಿತು. ಅದೇ ಜಾಗ! ಕೆರೆಯ ಸ್ಪರ್ಧೆ ಮುಗಿದ ಮೇಲೆ ನೋಯುತ್ತಿದ್ದ, ಕೊಳದಲ್ಲಿ ಎಂದೂ ನೋಯದಿದ್ದ ಅದೇ ಜಾಗ. ಆ ನೋವು ಗುರುತು ಸಿಕ್ಕಾಗ ನನಗಾದ ಸಂತೋಷ ಹೇಳಲಾರೆ. ಎರಡು ವರ್ಷದಿಂದ ಹುಡುಕುತ್ತಿದ್ದ ಉತ್ತರ ಕೈಗೆ ಸಿಕ್ಕಿತ್ತು. ಮೂರು ತಿಂಗಳಾಗುವಷ್ಟರಲ್ಲಿ ಹಾಗೇ 1,400 ಮೀಟರ್ ಈಜಲು ಆಯಿತು.

ಶನಿವಾರ ಕಣ್ಣಿನ ಅಭ್ಯಾಸ. ಓಪನ್ ವಾಟರ್‌ನಲ್ಲಿ ಮುಂದೆ ನೋಡುತ್ತಾ ದಿಕ್ಕು ಹಿಡಿಯುವುದಕ್ಕೆ ಸೈಟಿಂಗ್ ಎನ್ನುತ್ತಾರೆ. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ, ಮೈ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತದೆ. ಮೊಸಳೆಯ ಹಾಗೆ ಕಣ್ಣಷ್ಟನ್ನೇ ನೀರಿನ ಮೇಲೆ ತರಬೇಕು. ನೋಡಿದ ಮರುಕ್ಷಣ ತಲೆಯನ್ನು ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳಬೇಕು. ಕೊಳದ ಆ ತುದಿಯಲ್ಲಿ ಒಂದು ದೊಡ್ಡ ಗಡಿಯಾರವಿತ್ತು, ಕೆಂಪು ಸೆಕೆಂಡ್ ಮುಳ್ಳಿನದು. ಎಂಟು ಕೈಗೊಮ್ಮೆ ಕಣ್ಣೆತ್ತಿ ಆ ಮುಳ್ಳು ಎಲ್ಲಿದೆ ಎಂದು ಓದುವುದು. ಓದಲು ಆಗದಿದ್ದರೆ ಇನ್ನಷ್ಟು ತಲೆ ಎತ್ತುವಂತಿಲ್ಲ, ಮುಂದಿನ ಎಂಟರ ತನಕ ಕಾಯಬೇಕು. ಇದು ಮುಖ್ಯ. ಅಲೆಯಿರುವ ನೀರಿನಲ್ಲಿ ಮೂರು ಸಲ ನೋಡಿದರೆ ಒಂದು ಸಲ ಬೋಯ್ ಕಾಣುತ್ತದೆ, ಕಾಣಲಿಲ್ಲ ಎಂದು ಗಾಬರಿಯಾದರೆ ಲಯ ಹೋಗುತ್ತದೆ.

ಲೇನ್ ಖಾಲಿ ಇದ್ದಾಗ ಇನ್ನೊಂದು ಮಾಡುತ್ತಿದ್ದೆ. ಕಣ್ಣು ಮುಚ್ಚಿ ಹತ್ತು ಕೈ ಈಜುವುದು. ಯಾವ ಕಡೆಯ ಹಗ್ಗ ತಾಗುತ್ತದೆ ಎಂದು ನೋಡುವುದು. ಪ್ರತಿ ಸಲವೂ ಬಲಗಡೆಯದೇ. ಕೆರೆಯಲ್ಲಿ ನಾನು ದಿಕ್ಕು ತಪ್ಪಿದ್ದೂ ಬಲಕ್ಕೇ ಅಲ್ವಾ? ನಾನು ಉಸಿರು ತೆಗೆದುಕೊಳ್ಳುತ್ತಿದ್ದದ್ದು ಯಾವಾಗಲೂ ಬಲಗಡೆ. ಆಗ ಮುಂದೆ ಚಾಚಿದ ಎಡಗೈ ನನಗೇ ಗೊತ್ತಿಲ್ಲದೆ ತಲೆಯ ಮುಂದೆ ದಾಟಿ ಬಲಕ್ಕೆ ಹೋಗುತ್ತಿತ್ತು, ಮೈಯೂ ಅದರ ಹಿಂದೆ ಹೋಗುತ್ತಿತ್ತು. ಎರಡೂ ಕಡೆ ಉಸಿರು ತೆಗೆಯುವುದನ್ನು ಕಲಿಯಲು ಆರು ವಾರ ಹಿಡಿಯಿತು. ಎಡಗೈ ಹೆಗಲಿನ ನೇರಕ್ಕೆ ಇಳಿಯಲು ಶುರುವಾದ ಮೇಲೆ ಹಗ್ಗ ತಾಗುವುದು ತಾನಾಗಿ ಕಡಿಮೆಯಾಯಿತು.

ದಾರಿ ನೇರ ಇಲ್ಲದಿದ್ದರೆ ಎಷ್ಟು ದುಬಾರಿ ಎಂಬುದಕ್ಕೆ ಮ್ಯಾಥ್ಯೂ ವೆಬ್ ಅವರ ಈಜನ್ನು ನೆನೆಯುತ್ತೇನೆ. 1875ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದವರು. 21 ಮುಕ್ಕಾಲು ಗಂಟೆ, ಅದೂ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ. ಅಲ್ಲಿ ದಡದಿಂದ ದಡಕ್ಕೆ ತೀರಾ ಹತ್ತಿರದ ಜಾಗ ಸುಮಾರು 33 ಕಿ.ಮೀ. ಸಮುದ್ರದ ಸೆಳೆತಕ್ಕೆ ಸಿಕ್ಕಿ ಅತ್ತಿತ್ತ ಹೊರಳಿ ಅವರು ಈಜಿದ್ದು ಸುಮಾರು 64 ಕಿ.ಮೀ. ಎನ್ನುತ್ತಾರೆ. ಅವರನ್ನು ಎಳೆದದ್ದು ಸಮುದ್ರ. ನನ್ನನ್ನು ಎಳೆದದ್ದು ನನ್ನದೇ ಎಡಗೈ. ಅದನ್ನು ಸರಿ ಮಾಡಿಕೊಳ್ಳಬಹುದಿತ್ತು.

ಉಳಿದ ನಾಲ್ಕು ದಿನ ನೀರಿಲ್ಲ. ರಬ್ಬರ್ ಬ್ಯಾಂಡ್ ಬಾಗಿಲಿಗೆ ಕಟ್ಟಿ ಹದಿನೈದು ನಿಮಿಷ ಎಳೆಯುತ್ತಿದ್ದೆ, ಮೊಣಕೈ ಮೇಲಿಟ್ಟು. ಎರಡು ದಿನ ಓಟ. ಓಟದಿಂದ ಉಸಿರಿಗೆ ಲಾಭವಿದೆ, ನೀರಿನ ಹಿಡಿತಕ್ಕೆ ಇಲ್ಲ. ನಾಲ್ಕು ದಿನ ನೀರು ಮುಟ್ಟದಿದ್ದರೆ ಅಂಗೈಗೆ ನೀರು ಸಿಗುವುದೇ ಇಲ್ಲ, ಜಾರಿ ಹೋಗುತ್ತದೆ. ಹಾಗಾಗಿ ಒಂದೇ ದಿನ ಎರಡು ಗಂಟೆ ಈಜುವುದಕ್ಕಿಂತ ದಿನ ಬಿಟ್ಟು ದಿನ 45 ನಿಮಿಷ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೀಟಿ ಊದುವವರ ಮೇಲಿನ ಕೋಪ ಅಷ್ಟು ಹೊತ್ತಿಗೆ ಹೋಗಿತ್ತು.

ಕಾಲ ಹಿಂದೆ ಬರಲಾ?

ಆ ತಿಂಗಳುಗಳಲ್ಲಿ ಮನಸ್ಸಿನಲ್ಲಿ ನಿಂತ ಸಂಜೆ ಒಂದಿದೆ. ರಜೆಯ ದಿನಗಳು. ಕೊಳ ತುಂಬಿ ತುಳುಕುತ್ತಿತ್ತು. ನಮ್ಮ ಲೇನ್ ಒಂದರಲ್ಲೇ ಏಳು ಜನ. ಎರಡು ಲೆಂತ್‌ಗೊಮ್ಮೆ ಯಾರಿಗೋ ಡಿಕ್ಕಿ. ಇರುವುದೇ 45 ನಿಮಿಷ, ಅದೂ ಹೀಗೆ ಹೋಯಿತಲ್ಲ ಎಂದು ಗೋಡೆ ಹಿಡಿದು ನಿಂತುಬಿಟ್ಟೆ. ಪಕ್ಕದಲ್ಲಿ ಒಬ್ಬ ಹಿರಿಯ ಹೆಂಗಸು ನಿಂತಿದ್ದರು. ವಯಸ್ಸು ಅರವತ್ತರ ಆಚೆ. ಅವರನ್ನು ದಿನಾ ನೋಡುತ್ತಿದ್ದೆ, ಮಾತಾಡಿರಲಿಲ್ಲ. ಗಾಗಲ್ಸ್ ಮೇಲೆತ್ತಿ ಕೇಳಿದರು, "ನಿಮ್ಮ ಕಾಲ ಹಿಂದೆ ಬರಲಾ?"

ನನಗೆ ಅರ್ಥವಾಗಲಿಲ್ಲ. ನೀವು ಹೋಗಿ, ನಾನು ಬರ್ತೀನಿ ಎಂದರು. ಹೊರಟೆ. ನಾಲ್ಕೈದು ಕೈ ಆಗುವಷ್ಟರಲ್ಲಿ ನನ್ನ ಪಾದದ ಹಿಂದೆ ಅವರ ಬೆರಳು ತಾಗಿತು. ಮತ್ತೆ ತಾಗಿತು. ಅರ್ಧ ಮೀಟರ್ ಅಂತರವೂ ಇರಲಿಲ್ಲ. ನಾಲ್ಕು ಲೆಂತ್ ಆದ ಮೇಲೆ ನಿಂತು, ಈಗ ನಾನು ಮುಂದೆ, ನೀವು ಹಿಂದೆ ಎಂದರು. ಅವರ ಪಾದದ ಹಿಂದೆ ಎದ್ದ ಗುಳ್ಳೆಗಳೊಳಗೆ ಕೈ ಇಟ್ಟಾಗ ಗೊತ್ತಾಯಿತು. ನೀರು ಹಗುರವಾಗಿತ್ತು. ಮುಂದೆ ಇರುವವರು ನೀರನ್ನು ಸೀಳಿಕೊಂಡು ಹೋಗುತ್ತಾರೆ, ಹಿಂದೆ ಬರುವವರಿಗೆ ಎದುರೊತ್ತು ಕಡಿಮೆ. ಸೈಕಲ್ ಸ್ಪರ್ಧೆಯವರು ಗಾಳಿಯಲ್ಲಿ ಮಾಡುವುದನ್ನು ಈಜುವವರು ನೀರಿನಲ್ಲಿ ಮಾಡುತ್ತಾರೆ. ಡ್ರಾಫ್ಟಿಂಗ್ ಎಂಬ ಪದ ನನಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಪಾದ ಮುಟ್ಟುವಷ್ಟು ಹತ್ತಿರ ಬರಬೇಕು, ಆದರೆ ಮುಟ್ಟುತ್ತಾ ಇದ್ದರೆ ಮುಂದಿನವರಿಗೆ ಸಿಟ್ಟು ಬರುತ್ತದೆ ಎಂದು ಅವರೇ ಹೇಳಿಕೊಟ್ಟರು. ಉದ್ದ ದೂರ ಈಜಿ ಅವರಿಗೆ ತುಂಬಾ ವರ್ಷದ ಅನುಭವವಿತ್ತು.

ಆಮೇಲೆ ಕಿಕ್ಕಿರಿದ ಸಂಜೆಗಳನ್ನು ನಾವು ಕಾದು ಕೂರತೊಡಗಿದೆವು. ಏಳು ಜನರ ನಡುವೆ ನುಗ್ಗುವುದು, ಕೈ ತಾಗಿದರೂ ಲಯ ಬಿಡದಿರುವುದು, ಒಂದು ಗುಟುಕು ನೀರು ಕುಡಿದರೂ ಕೆಮ್ಮದೆ ಮುಂದಿನ ಉಸಿರಿಗೆ ಕಾಯುವುದು. ಮೊದಲ ಸ್ಪರ್ಧೆಯ ಆ ಹಾರ್ನ್ ಆದ ಹೊತ್ತಿಗೆ ಬೇಕಿದ್ದದ್ದು ಇದೇ. ಖಾಲಿ ಲೇನ್‌ನಲ್ಲಿ ಇದು ಸಿಗುವುದಿಲ್ಲ.

ಕೊಳ ಕಲಿಸಲಾರದ್ದು

ತಣ್ಣೀರು ಮಾತ್ರ ಕೊಳದಲ್ಲಿ ಸಿಗುವುದಿಲ್ಲ. ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ನಾವು ನಾಲ್ಕು ಜನ ಸೇರಿ ತೆರೆದ ನೀರಿಗೆ ಹೋಗುತ್ತಿದ್ದೆವು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ಗಾದೆ ಇದೆ. ಆದರೆ ಆ ಮೊದಲ ಎರಡು ನಿಮಿಷಕ್ಕೆ ಗಾದೆ ಸಾಲದು. ಚರ್ಮ ಒಮ್ಮೆಲೆ ತಣ್ಣಗಾದಾಗ ಉಸಿರು ಏರುವುದು, ಎದೆ ಹೊಡೆದುಕೊಳ್ಳುವುದು ಮೈಯ ಸಹಜ ಕೆಲಸ. ಮನೋಬಲದಿಂದ ಅದನ್ನು ತಡೆಯಲು ಆಗುವುದಿಲ್ಲ. ಆಗ ಈಜಲು ಹೋಗದೆ, ಮಲಗಿ ತೇಲುತ್ತಾ, ಮೆಲ್ಲಗೆ ಉಸಿರು ಬಿಡುತ್ತಾ ಇದ್ದರೆ ಒಂದೆರಡು ನಿಮಿಷದಲ್ಲಿ ತಾನಾಗಿ ಇಳಿಯುತ್ತದೆ. ಸ್ಪರ್ಧೆಗೆ ಮೊದಲು ನೀರಿಗಿಳಿದು ಆ ಎರಡು ನಿಮಿಷ ಮುಗಿಸಿಕೊಂಡಿರಬೇಕು. ನಾನು ಮೊದಲ ಸಲ ಮಾಡದೇ ಇದ್ದದ್ದು ಅದನ್ನೇ.

ಬಿಸಿ ನೀರೂ ಅಷ್ಟೇ ಅಪಾಯ. 2010ರಲ್ಲಿ ಯುಎಇಯ ಫುಜೈರಾದಲ್ಲಿ ನಡೆದ 10 ಕಿ.ಮೀ. ಸ್ಪರ್ಧೆಯಲ್ಲಿ ಅಮೆರಿಕದ ಫ್ರಾನ್ ಕ್ರಿಪ್ಪೆನ್ ತೀರಿಕೊಂಡರು. ನೀರು ತುಂಬಾ ಬಿಸಿಯಾಗಿತ್ತು. ಅವರು ದಡಕ್ಕೆ ಬಂದಿಲ್ಲ ಎಂಬುದನ್ನು ಮೊದಲು ಗಮನಿಸಿದ್ದು ಈಜಿ ಮುಗಿಸಿ ಬಂದ ಜೊತೆಗಾರರು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ನೀರು 31 ಡಿಗ್ರಿಗಿಂತ ಜಾಸ್ತಿ ಬಿಸಿ ಇರಬಾರದು ಎಂಬ ನಿಯಮ ಬಂದದ್ದು ಆಮೇಲೆ. 16 ಡಿಗ್ರಿಗಿಂತ ತಣ್ಣಗೂ ಇರಬಾರದು. ಅಷ್ಟು ಗಟ್ಟಿ ಈಜುಗಾರ, ಅಷ್ಟು ಜನರ ನಡುವೆ. ಈ ವಿಷಯ ಓದಿದ ಮೇಲೆ ಒಬ್ಬರೇ ತೆರೆದ ನೀರಿಗೆ ಹೋಗುವವರನ್ನು ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ, ಪರಿಚಯ ಇಲ್ಲದಿದ್ದರೂ ಹೋಗಿ ಮಾತಾಡಿಸುತ್ತೇನೆ. ನಾವು ನಾಲ್ವರೂ ಸೊಂಟಕ್ಕೆ ಕಿತ್ತಳೆ ಬಣ್ಣದ ಗಾಳಿ ತುಂಬಿದ ಚೀಲ ಕಟ್ಟಿಕೊಳ್ಳುತ್ತಿದ್ದೆವು. ಪ್ರತಿ ತಿರುವಿನಲ್ಲಿ ನಿಂತು ನಾಲ್ಕು ತಲೆ ಎಣಿಸಿ ಮುಂದೆ ಹೋಗುತ್ತಿದ್ದೆವು. ಸಮಯ ಕಡಿಮೆ ಎಂದು ಇದನ್ನು ಮಾತ್ರ ಎಂದೂ ಬಿಡಲಿಲ್ಲ.

ಐದು ಕಿಲೋಮೀಟರ್

ಸ್ಪರ್ಧೆಯ ದಿನ ಗಾಳಿ ಇತ್ತು. ಹಾರ್ನ್‌ಗೆ ಹತ್ತು ನಿಮಿಷ ಮೊದಲೇ ನೀರಿಗಿಳಿದು ತೇಲಿದೆ, ಉಸಿರು ಇಳಿಯುವ ತನಕ ಆಕಾಶ ನೋಡುತ್ತಾ ಇದ್ದೆ. ಶುರುವಿನ ಗದ್ದಲದಲ್ಲಿ ಯಾರದೋ ಮೊಣಕೈ ತಾಗಿತು, ಲಯ ತಪ್ಪಲಿಲ್ಲ. ಮೊದಲ ಬೋಯ್ ದಾಟುವಷ್ಟರಲ್ಲಿ ನನಗೆ ಒಪ್ಪುವ ವೇಗದ ಒಂದು ಜೋಡಿ ಪಾದ ಸಿಕ್ಕಿತು. ಹಳದಿ ಟೋಪಿ. ಅವರ ಗುಳ್ಳೆಗಳ ಹಿಂದೆ ಸುಮಾರು 2 ಕಿ.ಮೀ. ಹೋದೆ. ಆದರೂ ಎಂಟು ಕೈಗೊಮ್ಮೆ ನಾನೇ ನೋಡಿಕೊಳ್ಳುತ್ತಿದ್ದೆ, ಮುಂದಿನವರು ದಿಕ್ಕು ತಪ್ಪಿದರೆ ಹಿಂದಿನವರೂ ತಪ್ಪುತ್ತಾರೆ. ಒಮ್ಮೆ ಹಾಗೇ ಆಯಿತು. ಅವರು ಬಲಕ್ಕೆ ಸರಿಯತೊಡಗಿದರು. ಬೋಯ್ ನನಗೆ ನೇರ ಎದುರಿಗೆ ಕಾಣುತ್ತಿತ್ತು. ಒಂದು ಕ್ಷಣ ಯೋಚಿಸಿ ಆ ಹಗುರ ನೀರನ್ನು ಬಿಟ್ಟು ನೇರಕ್ಕೆ ಹೋದೆ.

ಅಲ್ಲಿಂದ ಒಬ್ಬಂಟಿ ದಾರಿ. ಕೆಳಗೆ ಅದೇ ಕಡು ಹಸಿರು. ಸುಮಾರು ಮೂರೂವರೆ ಕಿಲೋಮೀಟರ್ ಹತ್ತಿರ ಭುಜದ ಆ ಹಳೆಯ ಜಾಗದಲ್ಲಿ ನೋವು ಬಂತು. ಗುರುವಾರದ ನೋವು. ಅದು ಎಷ್ಟು ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ಜೊತೆಗಿಟ್ಟುಕೊಂಡೇ ಎಡಕ್ಕೊಂದು, ಬಲಕ್ಕೊಂದು ಉಸಿರು ತೆಗೆಯುತ್ತಾ ಹೋದೆ. ದಡದ ಮರಳು ಬೆರಳಿಗೆ ತಾಗಿದಾಗ 1 ಗಂಟೆ 57 ನಿಮಿಷ ಆಗಿತ್ತು. ವಾಚು 5,130 ಮೀಟರ್ ತೋರಿಸುತ್ತಿತ್ತು.

ಮಂಗಳವಾರ ಸಂಜೆ ಕೊಳಕ್ಕೆ ಹೋದೆ. ಗೇಟಿನ ಹೊರಗೆ ತೋಳು ತಿರುಗಿಸುತ್ತಾ ನಿಂತಿದ್ದಾಗ ಆ ಹಿರಿಯರು ಬಂದರು. ವಾಚಿನ ಅಂಕಿ ತೋರಿಸಿದೆ. 130 ಮೀಟರ್ ಎಲ್ಲಿ ಹೋಯಿತು ಎಂದು ಕೇಳಿದರು. ಗಾಳಿ ಇತ್ತು ಎಂದೆ. ಅವರು ಟೋಪಿ ಎಳೆದುಕೊಳ್ಳುತ್ತಾ, "ಸರಿ, ಇವತ್ತು ಮುಂದೆ ಯಾರು?" ಎಂದರು.